ಆರ್‌ಎಸಿ ಅಂದ್ರ ರಾತ್ರಿಯೆಲ್ಲಾ ಅರ್ಧ ಚಾಪಿ

ರೈಲು ಟಿಕೆಟ್ಟಿನ ಮೇಲೆ ಆರ್‌ಎಸಿ ಎಂದು ಬಂದರೆ ಅದರ ಅಸಲಿ ಫುಲ್ ಫಾರ್ಮ್ ರಿಸರ್ವೇಶನ್ ಅಗೇನ್‌ಸ್ಟ್ ಕ್ಯಾನ್ಸಲೇಶನ್. ಯಾರಾದರೂ ಟಿಕೆಟ್ ರದ್ದು ಮಾಡಿದರೆ ಪೂರ್ತಿ ಬರ್ತ್ ಸಿಗುತ್ತದೆ. ಇಲ್ಲದಿದ್ದರೆ ಪಕ್ಕದ ಸಾಲಿನ ಕೆಳಗಿನ ಬರ್ತನ್ನು ಇಬ್ಬರು ಹಂಚಿಕೊಂಡು, ಕಾಲು ಎಲ್ಲಿ ಚಾಚಬೇಕೆಂದು ತಿಳಿಯದೆ ಬೆಳಗು ಮಾಡಬೇಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಮೂರು ಅಕ್ಷರ ನಮ್ಮ ರಾಯಚೂರು, ಕೊಪ್ಪಳದ ಕಡೆ ಮಾತಿಗೆ ಬಂದರೆ: ರಾತ್ರಿಯೆಲ್ಲಾ ಅರ್ಧ ಚಾಪಿ.

ಇದು ಯಾಕೆ ನಗಿಸುತ್ತದೆ ಎಂದು ಬಿಡಿಸಿ ನೋಡಿದರೆ, ಸಂಕ್ಷೇಪಗಳಿಗೆ ತಮಾಷೆಯ ಫುಲ್ ಫಾರ್ಮ್ ಕಟ್ಟುವ ಈ ಆಟದ ಅರ್ಧ ಕಸುಬು ಕೈಗೆ ಬಂದಂತೆ. ಮೂರು ಅಕ್ಷರಕ್ಕೆ ಮೂರೇ ಪದ, ನಡುವೆ ತುಂಬಿಸಿದ್ದು ಒಂದೂ ಇಲ್ಲ. ಅಸಲಿ ಫುಲ್ ಫಾರ್ಮಿನ ಯಾವ ಪದವೂ ಇದರಲ್ಲಿ ನುಸುಳಿಲ್ಲ. ಹೇಳಿದ್ದು ಸುಳ್ಳಲ್ಲ, ಆರ್‌ಎಸಿಯಲ್ಲಿ ಹೋದವರೆಲ್ಲ ಹೌದೆನ್ನುವ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ನಗು ಇರುವುದು ಕೊನೆಯ ಪದದಲ್ಲಿ. ರೈಲಿನಲ್ಲಿ ಚಾಪೆ ಇರುವುದಿಲ್ಲ. ಆದರೆ 'ಚಾಪಿ' ಎಂದ ಕೂಡಲೇ ಮದುವೆ ಮನೆಯಲ್ಲಿ ಒಂದೇ ಚಾಪೆ ಮೇಲೆ ಮುದುಡಿ ಮಲಗಿದ ಇಬ್ಬರು ಕಣ್ಣಿಗೆ ಕಟ್ಟುತ್ತಾರೆ.

ಅಕ್ಷರ ಮೊದಲು, ಅರ್ಥ ಆಮೇಲೆ. ಹೀಗೆ ಹಿಂದುಮುಂದಾಗಿ ಹುಟ್ಟಿದ ಫುಲ್ ಫಾರ್ಮಿಗೆ ಇಂಗ್ಲಿಷಿನಲ್ಲಿ ಬ್ಯಾಕ್ರೊನಿಮ್ ಎನ್ನುತ್ತಾರೆ. 1983ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಹೊಸ ಪದ ಕಟ್ಟುವ ಸ್ಪರ್ಧೆ ನಡೆಸುತ್ತಿದ್ದಾಗ ಓದುಗರೊಬ್ಬರು ಕಳಿಸಿದ ಪದ ಅದು. ದೊಡ್ಡ ಸಂಸ್ಥೆಗಳೂ ಈ ಆಟ ಆಡಿವೆ. 2009ರಲ್ಲಿ ನಾಸಾ ಬಾಹ್ಯಾಕಾಶ ನಿಲ್ದಾಣದ ಒಂದು ಕೋಣೆಗೆ ಹೆಸರು ಸೂಚಿಸಲು ಜನರನ್ನು ಕೇಳಿತು. ಟಿವಿ ಹಾಸ್ಯಗಾರ ಕೋಲ್ಬರ್ಟ್ ಅವರ ಅಭಿಮಾನಿಗಳು ಅವರ ಹೆಸರಿಗೇ ಹೆಚ್ಚು ಮತ ಹಾಕಿದರು. ನಾಸಾ ಕೋಣೆಗೆ ಬೇರೆ ಹೆಸರಿಟ್ಟು, ಅಲ್ಲಿನ ವ್ಯಾಯಾಮದ ಟ್ರೆಡ್‌ಮಿಲ್ಲಿಗೆ ಕೋಲ್ಬರ್ಟ್ ಎಂದು ಕರೆದು, ಆ ಇಂಗ್ಲಿಷ್ ಹೆಸರಿನ ಏಳೂ ಅಕ್ಷರಕ್ಕೆ ಹೊಂದುವ ತಾಂತ್ರಿಕ ಫುಲ್ ಫಾರ್ಮ್ ಹೊಸೆದು ಕೊಟ್ಟಿತು.

ಇಂಗ್ಲಿಷಿನ ಈ ಆಟವನ್ನು ಹಾಗೇ ಎತ್ತಿ ಕನ್ನಡಕ್ಕೆ ತಂದರೆ ಮಾತ್ರ ಮೊದಲ ಸುತ್ತಿಗೇ ಮುಗ್ಗರಿಸುತ್ತದೆ. ನಮ್ಮ ಅಕ್ಷರಗಳ ಜಾಯಮಾನ ಬೇರೆ.

ಪ ಅಕ್ಷರವನ್ನೇ ತೆಗೆದುಕೊಳ್ಳಿ. ಹಳಗನ್ನಡದ ಪಾಲು, ಪುಲಿ, ಪೂ ಎಲ್ಲ ಹಾಲು, ಹುಲಿ, ಹೂ ಆದವು. ಹಾಗಾಗಿ ಹ ಅಕ್ಷರಕ್ಕೆ ಪದಗಳ ಕಣಜವೇ ಇದೆ, ಪ ಅಕ್ಷರಕ್ಕೆ ಅಚ್ಚಗನ್ನಡ ಪದ ಹುಡುಕಬೇಕು. ನೆರವಿಗೆ ಬರುವುದು ಪಲ್ಯ, ಪಗಾರ, ಪೈಸಾ, ಪಾಪ, ಪರಸಿ (ನೆಲಕ್ಕೆ ಹಾಸುವ ಕಲ್ಲು). ವ ಅಕ್ಷರದ್ದೂ ಇದೇ ಕಥೆ. ತಮಿಳಿನ ವಾ, ವಿಡು, ವೇರ್ ನಮ್ಮಲ್ಲಿ ಬಾ, ಬಿಡು, ಬೇರು. ಅಂದರೆ ಬ ಸಿಕ್ಕವರು ಪುಣ್ಯವಂತರು, ವ ಸಿಕ್ಕವರಿಗೆ ವಿಚಾರ, ವಾರ, ವರ ಎಂಬ ಸಂಸ್ಕೃತ ಪದಗಳೇ ಗತಿ. ಇಲ್ಲೊಂದು ಸಣ್ಣ ರಿಯಾಯಿತಿ ಕೊಡುವುದು ಒಳ್ಳೆಯದು. ಒಗ್ಗರಣೆಯನ್ನು ನಮ್ಮ ಕಡೆ ವಗ್ಗರಣಿ ಎನ್ನುತ್ತಾರೆ, ಅದನ್ನು ವ ಅಕ್ಷರಕ್ಕೆ ಒಪ್ಪಬೇಕು. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಎಣಿಸುವುದೇ ಈ ಆಟಕ್ಕೆ ನ್ಯಾಯ.

ರ ಮತ್ತು ಲ ಇನ್ನೂ ಬಿಗಿ. ಅಚ್ಚಗನ್ನಡ ಪದಗಳು ಈ ಎರಡರಿಂದ ಶುರುವಾಗುವುದೇ ಇಲ್ಲ ಎನ್ನಬಹುದು. ಆದರೆ ಸುತ್ತಲಿನ ತೆಲುಗು, ಉರ್ದು, ಮರಾಠಿಗಳ ಒಡನಾಟದಿಂದ ರಾಯಚೂರು, ಕೊಪ್ಪಳದ ಮಾತಿನಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ರೊಕ್ಕ, ರಗಡ, ರಜಾ, ಲಗೂನ, ಲಫಂಗ, ಲೋಟ. ಫ ಅಕ್ಷರಕ್ಕೂ ಫಜೀತಿ, ಫರಕ್, ಫುಕಟ್ ಇವೆ. ಗಡಿ ಸೀಮೆಯವರಿಗೆ ಈ ಆಟದಲ್ಲಿ ಹುಟ್ಟಿನಿಂದಲೇ ಒಂದು ಮೇಲುಗೈ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಸಿ ಅಕ್ಷರದ ಮೇಲೆ ಜಗಳ ಖಂಡಿತ. ಕ್ಯಾನ್ಸಲೇಶನ್ನಿನಲ್ಲಿ ಅದು ಕ, ಅಕ್ಷರದ ಹೆಸರಿನಲ್ಲಿ ಸ, ಕನ್ನಡ ಪದವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಚ. ಆಟ ಶುರುವಾಗುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕ, ಚ ಎರಡನ್ನೂ ಒಪ್ಪಿಕೊಂಡು ಸ ಅಕ್ಷರಕ್ಕೆ ಮಾತ್ರ ಬಾಗಿಲು ಹಾಕುವುದು ಸರಿ ಎನಿಸುತ್ತದೆ, ಯಾಕೆಂದರೆ ಎಸ್ ಬೇರೆ ಇದೆ, ಕೇಳುವವರಿಗೆ ಗೊಂದಲ. ಟಿಗೆ ತ, ಟ ಎರಡೂ, ಡಿಗೆ ದ, ಡ ಎರಡೂ, ಎಸ್‌ಗೆ ಸ, ಶ ಎರಡೂ ನಡೆಯಲಿ. ಐ ಬಂದರೆ ಇ, ಐ ಎರಡೂ ಇರಲಿ. ಎಕ್ಸ್, ಕ್ಯೂ ಬಂದ ಸಂಕ್ಷೇಪವನ್ನು ಆಟಕ್ಕೇ ತರಬೇಡಿ.

ಇನ್ನು ಕಟ್ಟುವ ಬಗೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮಾತಿನ ತೂಕವೆಲ್ಲ ಅಲ್ಲೇ ಬಂದು ಕೂರುತ್ತದೆ. ಆದ್ದರಿಂದ ಕೊನೆಯ ಅಕ್ಷರದಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಮೊದಲ ಅಕ್ಷರದಿಂದ ಹೊರಟವರು ಎರಡು ಪದ ಚೆಂದ ಕಟ್ಟಿ, ಕೊನೆಗೆ ಬಂದಾಗ ಏನೂ ಸಿಗದೆ 'ಚೆನ್ನಾಗಿದೆ' ಎಂದು ಮುಗಿಸುತ್ತಾರೆ. ಇದು ಅತಿ ಹೆಚ್ಚು ಆಗುವ ತಪ್ಪು.

ಟಿಎಲ್‌ಬಿಸಿ ತೆಗೆದುಕೊಂಡು ಮಾಡಿ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ರೈತರು, ಎಂಜಿನಿಯರುಗಳು ಎಲ್ಲರೂ ಕರೆಯುವುದು ಹೀಗೇ. ಮುನಿರಾಬಾದಿನ ಅಣೆಕಟ್ಟೆಯಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆ ದಾಟಿ ರಾಯಚೂರು ಕಡೆಗೆ 200 ಕಿಲೋಮೀಟರಿಗೂ ಹೆಚ್ಚು ದೂರ ಹರಿಯುವ ಕಾಲುವೆ. ಮೇಲಿನವರ ಗದ್ದೆ ತುಂಬಿದ ಮೇಲೆ ಕೊನೆ ಭಾಗದವರಿಗೆ ಎಷ್ಟು ಬರುತ್ತದೆ ಎಂಬುದು ಪ್ರತಿ ಹಂಗಾಮಿನ ಮಾತು.

ಮೊದಲ ಯತ್ನಕ್ಕೆ ಹೆಚ್ಚಿನವರು 'ತುಂಗಮ್ಮ ಲಕ್ಷ್ಮಿಯಾಗಿ ಬಂದಳು ಚೆಂದ' ಎನ್ನುತ್ತಾರೆ. ಅಕ್ಷರ ಸರಿ, ಭಕ್ತಿಯೂ ಸರಿ, ನಗು ಇಲ್ಲ. ಎರಡನೆಯದು 'ತಡವಾಗಿ ಲೆಕ್ಕಕ್ಕೆ ಬಂದ ಕಾಲುವೆ'. ಇದರಲ್ಲಿ ಸಿ ಮತ್ತೆ ಕಾಲುವೆಯೇ ಆಗಿದೆ, ಅಸಲಿ ಪದ ಮರಳಿ ಬಂತು. ಮೇಲಾಗಿ ಪೇಪರಿನ ತಲೆಬರಹದಂತಿದೆ. ಈಗ ಅದನ್ನು ಬಿಟ್ಟು ಚ ಅಕ್ಷರದ ಪದಗಳನ್ನು ಸಾಲಾಗಿ ಬರೆಯಿರಿ: ಚಾ, ಚಾದರ, ಚೀಲ, ಚಪ್ಲಿ, ಚರಿಗಿ, ಚಮಚ, ಚಕ್ಕರ್. ನೀರಿಗೆ ಸಂಬಂಧಪಟ್ಟದ್ದು ಎರಡೇ, ಚರಿಗಿ ಮತ್ತು ಚಮಚ. ಲ ಅಕ್ಷರಕ್ಕೆ ನೀರಿನ ಪದ ಯಾವುದು? ಲೋಟ. ಲೋಟದಿಂದ ಚರಿಗಿಗೆ ಹೋದರೆ ನೀರು ಹೆಚ್ಚಾಗುತ್ತದೆ, ಚಮಚಕ್ಕೆ ಹೋದರೆ ಕಡಿಮೆಯಾಗುತ್ತದೆ. ಬೇಕಾದದ್ದು ಇಳಿಯುವ ದಾರಿ. ನಡುವಿನ ಬ ಅಕ್ಷರ ಎರಡನ್ನೂ ಬೇರ್ಪಡಿಸಬೇಕು, ಅದಕ್ಕೆ 'ಬ್ಯಾಡ' ಇದೆ. ಇನ್ನು ಉಳಿದದ್ದು ಯಾರಿಗೆ ಎಂಬುದಷ್ಟೇ:

ತುದಿಯವ್ರಿಗೆ ಲೋಟ ಬ್ಯಾಡ, ಚಮಚ.

ನಾಲ್ಕು ಪದದಲ್ಲಿ ಒಂದು ಕಾಲುವೆಯ ಪೂರ್ತಿ ಲೆಕ್ಕ. ಕೊನೆ ಭಾಗದ ಹೊಲದವರೇ ಇದಕ್ಕೆ ಮೊದಲು ನಗುವವರು, ಆ ನಗು ಬಂದಾಗ ಫುಲ್ ಫಾರ್ಮ್ ಗೆದ್ದಂತೆ.

ಇಲ್ಲಿ ಕನ್ನಡದ ಇನ್ನೊಂದು ಸೌಕರ್ಯವೂ ಕಾಣುತ್ತದೆ. ಇಂಗ್ಲಿಷಿನವರು 'ಆಫ್', 'ಫಾರ್', 'ದಿ' ಮುಂತಾದ ಚಿಕ್ಕ ಪದಗಳನ್ನು ಎಣಿಕೆಯಿಂದ ಕೈಬಿಡುತ್ತಾರೆ. ನಮಗೆ ಆ ಗೊಡವೆ ಇಲ್ಲ, ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ. 'ತುದಿಯವ್ರಿಗೆ' ಎಂಬ ಒಂದೇ ಪದ ಒಂದೇ ಅಕ್ಷರದ ಜಾಗದಲ್ಲಿ ಎಷ್ಟು ಹೇಳುತ್ತದೆ ನೋಡಿ. ಹಾಗಾಗಿ ಮತ್ತು, ಎಂಬ, ಅಂತ ಇವನ್ನು ಎಣಿಸದೆ ನಡುವೆ ತೂರಿಸಲು ಬಿಡಬಾರದು. ಇದನ್ನೇ ಅತಿಯಾಗಿ ಬಳಸಿ ನಾಲ್ಕು ಪದ ಬೆಸೆದು ಒಂದು ಸಮಾಸ ಮಾಡಿ ತರುವವರೂ ಇರುತ್ತಾರೆ. ಪರೀಕ್ಷೆ ಸುಲಭ. ಸಂತೆಯಲ್ಲಿ ಯಾರಾದರೂ ಆ ಪದವನ್ನು ಒಂದೇ ಉಸಿರಿಗೆ ಹೇಳುತ್ತಾರೆಯೇ? ಪುಂಡಿಪಲ್ಯ ಹೇಳುತ್ತಾರೆ, ಅದು ಒಂದು ಪದ. 'ಪಂಚಾಯ್ತಿಕಟ್ಟೆಮಾತು' ಯಾರೂ ಹೇಳುವುದಿಲ್ಲ, ಅದು ಮೂರು.

ಜೋಡಿ ಅಕ್ಷರ ಬಂದರೆ ಬಿಡಬೇಡಿ. ಕನ್ನಡಕ್ಕೆ ಇಮ್ಮಡಿ ಮಾತು ಬಲು ಇಷ್ಟ: ಕಾದು ಕಾದು, ಬಿಸಿ ಬಿಸಿ, ದಿನಾ ದಿನಾ. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾದ ಮೇಲೆ ನಮ್ಮ ಭಾಗದ ಹಲವು ಸಂಕ್ಷೇಪಗಳ ತಲೆಗೆ ಎರಡು ಕೆ ಬಂದು ಕುಳಿತವು. ಅಭಿವೃದ್ಧಿ ಮಂಡಳಿ ಎಚ್‌ಕೆಆರ್‌ಡಿಬಿ ಇದ್ದದ್ದು ಕೆಕೆಆರ್‌ಡಿಬಿ ಆಯಿತು. ಎನ್‌ಇಕೆಆರ್‌ಟಿಸಿ ಎಂಬ ಆರಕ್ಷರದ ಬಸ್ಸು ಕೆಕೆಆರ್‌ಟಿಸಿ ಎಂಬ ಐದಕ್ಷರಕ್ಕೆ ಇಳಿಯಿತು. ಹಳೆಯ ಅಕ್ಷರಕ್ಕೆ ಕಟ್ಟಿದ್ದ ತಮಾಷೆಗಳೆಲ್ಲ ಒಂದೇ ಏಟಿಗೆ ನಿರುಪಯೋಗಿ, ಆದ್ದರಿಂದ ಈಗ ಚಾಲ್ತಿಯಲ್ಲಿರುವ ಹೆಸರು ಯಾವುದೆಂದು ನೋಡಿಕೊಂಡೇ ಕೂರಬೇಕು. ಹೊಸ ಐದಕ್ಷರವಂತೂ ಕಂಡಕ್ಟರ್ ಬಾಯಿಗೆ ಹೇಳಿ ಮಾಡಿಸಿದ ಹಾಗಿದೆ: ಕಾಕಾ ಕೂಡ್ರಿ, ರೈಟ್ ತಮ್ಮಾ, ಚಲೋ! ಸೀಟಿಗೆ ತಡವರಿಸುವ ಹಿರಿಯರಿಗೊಂದು ಮಾತು, ಡ್ರೈವರಿಗೊಂದು ಮಾತು, ಬಸ್ಸು ಹೊರಟೇ ಹೋಯಿತು. ಬೈದು ನಗಿಸುವುದಕ್ಕಿಂತ ಹೀಗೆ ದನಿ ಹಿಡಿದು ನಗಿಸುವುದು ಹೆಚ್ಚು ಕಾಲ ಬಾಳುತ್ತದೆ. ಪಿಡಿಒಗೆ 'ಪಾಪ, ದಿನಾ ಓಡಾಟ' ಎಂದರೆ ಪಂಚಾಯ್ತಿಯವರೂ ಊರವರೂ ಒಟ್ಟಿಗೆ ನಗುತ್ತಾರೆ. ಎಪಿಎಂಸಿಗೆ 'ಅಪ್ಪಾ, ಪೈಸಾ ಮಿಕ್ಕಿದ್ರ ಚಾ' ಎಂದರೆ ಹತ್ತಿ ಗಾಡಿಯ ಹಿಂದೆ ಬಂದ ಹುಡುಗ ಕಣ್ಣಿಗೆ ಬೀಳುತ್ತಾನೆ. ಪಹಣಿಯ ಆರ್‌ಟಿಸಿಗೆ 'ರೈತಗ ತಿರುಗಾಡೋ ಚಾಕ್ರಿ'.

ವಸ್ತುವಿಗೆ ತದ್ವಿರುದ್ಧ ಹೋಗುವ ದಾರಿಯೂ ಇದೆ. ಆರ್‌ಎನ್‌ಆರ್ ಎಂದರೆ ಭತ್ತದ ತಳಿ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಬೆಳೆಸಿದ ಆರ್‌ಎನ್‌ಆರ್ 15048 ನಮ್ಮ ನೀರಾವರಿ ಸೀಮೆಯ ರೈತರಿಗೂ ಪರಿಚಿತ. ಅನ್ನದ ತಳಿಯ ಹೆಸರು 'ರೊಟ್ಟಿನ ನಮಗ ರುಚಿ' ಎಂದರೆ, ಜೋಳ ತಿಂದು ಬೆಳೆದವರಿಗೆ ಅದಕ್ಕಿಂತ ಸುಖದ ಮಾತಿಲ್ಲ.

ಆಡುಮಾತು ಇಲ್ಲದೆ ಈ ಆಟ ಸಪ್ಪೆ. ಆರ್‌ಟಿಪಿಎಸ್ ಅಂದರೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ. 'ರಾತ್ರಿಯೂ ತಂಪಿಲ್ಲ, ಪರಸಿ ಸುಡುತ್ತದೆ' ಎಂದು ಗ್ರಂಥಸ್ಥ ಮಾಡಿದರೆ ಹವಾಮಾನ ವರದಿ. 'ರಾತ್ರೀನೂ ತಂಪಿಲ್ಲ, ಪರಸಿ ಸುಡ್ತದ' ಎಂದರೆ ಮೇ ತಿಂಗಳ ರಾಯಚೂರು, ನೆಲಕ್ಕೆ ನೀರು ಚೆಲ್ಲಿ ಮಲಗಲು ನೋಡುವ ಮನೆ. ಒಂದು ಗಮ್ಮತ್ತು ಗಮನಿಸಿ: ರಾಯಚೂರಿನವರು 'ಅದ' ಎನ್ನುವಲ್ಲಿ ಕೊಪ್ಪಳದವರು 'ಐತಿ' ಎನ್ನುತ್ತಾರೆ. ಹಾಗಾಗಿ ಎ ಅಕ್ಷರದಿಂದ ಮುಗಿಯುವ ಸಂಕ್ಷೇಪ ರಾಯಚೂರಿನವರ ಕೈಗೆ ಸಲೀಸು, ಐ ಅಕ್ಷರದಿಂದ ಮುಗಿಯುವುದು ಕೊಪ್ಪಳದವರ ಕೈಗೆ. ಎರಡೂ ಕಡೆಯವರು ಕೂತ ಪಂದ್ಯದಲ್ಲಿ ಇವನ್ನು ಸಮ ಸಂಖ್ಯೆಯಲ್ಲಿ ಇಡಬೇಕು.

ಕನ್ನಡದ್ದೇ ಸಂಕ್ಷೇಪವಾದರೆ ನಿಯಮ ಬಿಗಿ ಮಾಡಿ, ಕಾಗುಣಿತವೂ ಹೊಂದಬೇಕು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಎಲ್ಲರ ಬಾಯಲ್ಲಿ ಕಸಾಪ. ಎರಡನೆಯದು ಬರೀ ಸ ಅಲ್ಲ, ಸಾ. 2011ರಲ್ಲಿ ಗಂಗಾವತಿಯಲ್ಲಿ, 2016ರಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಊಟದ ಸಾಲನ್ನು ಕಂಡವರಿಗೆ ಇದು ತಟ್ಟನೆ ಹೊಳೆಯಬೇಕು: ಕವಿತೆ ಸಾಕು, ಪಲ್ಯ!

ಜನ ಸೇರಿಸಿ ಆಡಿಸುವುದಾದರೆ ಕೆಲವು ಅಳತೆಗಳು. 6ರಿಂದ 15 ಜನ ಸರಿಯಾದ ಗುಂಪು. ಅದಕ್ಕಿಂತ ಕಡಿಮೆಯಾದರೆ ಮತಗಳು ಸಮಸಮ ಬಂದು ನಿಲ್ಲುತ್ತವೆ, ಹೆಚ್ಚಾದರೆ ಓದಿ ಮುಗಿಸುವಷ್ಟರಲ್ಲಿ ನಗು ದಣಿಯುತ್ತದೆ, ಆಗ ನಾಲ್ಕು ಜನರ ತಂಡ ಮಾಡಿ. ಮೂರಕ್ಷರಕ್ಕೆ 2 ನಿಮಿಷ, ನಾಲ್ಕಕ್ಕೆ 4, ಐದಕ್ಕೆ 6. ಐದು ದಾಟಬೇಡಿ, ಕನ್ನಡ ಪದಗಳು ಉದ್ದ, ಆರನೆಯ ಪದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಚಾಲ್ತಿಯಲ್ಲಿರುವ ಸಂಕ್ಷೇಪಗಳು ಮುಗಿದರೆ ಚೀಟಿ ಎತ್ತಿ ಆಡಬಹುದು. 40 ಚೀಟಿ ಸಾಕು: ಕ, ಹ, ಮ, ಬ, ನ, ಸ ತಲಾ ನಾಲ್ಕು. ಅ, ಗ, ಚ, ತ, ದ, ಪ ತಲಾ ಎರಡು. ರ, ಲ, ವ, ಜ ಒಂದೊಂದೇ. ಎಲ್ಲ ಅಕ್ಷರವನ್ನೂ ಸಮವಾಗಿ ಹಾಕಿದರೆ ಲ, ವ ಒಟ್ಟಿಗೆ ಬಂದು ಆಟ ನಿಂತುಹೋಗುತ್ತದೆ.

1990ರ ದಶಕದಲ್ಲಿ ಇಂಟರ್‌ನೆಟ್ ಚಾಟ್‌ಗಳಲ್ಲಿ ಅಕ್ರೊಫೋಬಿಯಾ ಎಂಬ ಹೆಸರಿನಿಂದ ಇದೇ ಆಟ ನಡೆಯುತ್ತಿತ್ತು. ಅದರಿಂದ ಕಲಿಯಬೇಕಾದದ್ದು, ಯಾರು ಬರೆದದ್ದೆಂದು ಮತ ಹಾಕುವ ತನಕ ಗುಟ್ಟಾಗಿರಬೇಕು. ವಾಟ್ಸಾಪಿನಲ್ಲಿ ಆಡುವಾಗ ಎಲ್ಲರೂ ಗುಂಪಿಗೇ ಬರೆದುಬಿಟ್ಟರೆ ಮೊದಲು ಬಂದ ಸಾಲಿನ ಕೊನೆಯ ಪದವನ್ನೇ ಉಳಿದವರು ಹಿಡಿಯುತ್ತಾರೆ, ಮತವೂ ಮುಖ ನೋಡಿ ಬೀಳುತ್ತದೆ. ನಡೆಸುವವರೊಬ್ಬರಿಗೆ ಕಳಿಸಿ, ಅವರು ಅಂಕಿ ಹಾಕಿ ಒಟ್ಟಿಗೆ ಹಾಕಲಿ. ತಮ್ಮದಕ್ಕೆ ತಾವು ಮತ ಹಾಕುವಂತಿಲ್ಲ.

ಗಣೇಶನ ಪೆಂಡಾಲಿನಲ್ಲಿ ಮೈಕು ಹಿಡಿದು ಓದುವವರಿಗೆ ಒಂದೇ ಮಾತು. ಸಂಕ್ಷೇಪ ಹೇಳಿ, ಎರಡು ಎಣಿಸುವಷ್ಟು ನಿಲ್ಲಿ, ಆಮೇಲೆ ಪೂರ್ತಿ ಸಾಲನ್ನು ಒಂದೇ ಉಸಿರಿಗೆ ಮಾತಾಡಿದಂತೆ ಓದಿ. ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಓದಿದರೆ ಜನ ಲೆಕ್ಕ ಹಾಕಲು ತೊಡಗುತ್ತಾರೆ, ನಗುವುದಿಲ್ಲ. ಎರಡನೆಯ ಸಲ ಬೇಕಾದರೆ ಅಕ್ಷರ ತೋರಿಸಿ.

ಕೆಲವನ್ನು ಮುಟ್ಟಲೇಬಾರದು. ಜಾತಿಯ ಸಂಕ್ಷೇಪ, ಕಾಯಿಲೆಯ ಸಂಕ್ಷೇಪ, ಬಿಪಿಎಲ್. ಮನುಷ್ಯರ ಇನಿಷಿಯಲ್ ಕೂಡ, ಅದರಲ್ಲಿ ಅವರ ಊರು, ಅಪ್ಪನ ಹೆಸರು ಇರುತ್ತದೆ. ಚುನಾವಣೆ ಹೊತ್ತಿನಲ್ಲಿ ಪಕ್ಷಗಳ ಹೆಸರು ಬೇಡ.

ಕಟ್ಟಿದ್ದನ್ನು ಹೊರಗೆ ಕಳಿಸುವಾಗ ಪಕ್ಕದಲ್ಲೇ ಅಸಲಿ ಫುಲ್ ಫಾರ್ಮ್ ಬರೆಯಿರಿ. ತಮಾಷೆ ನಾಲ್ಕು ಕೈ ದಾಟಿದರೆ ಸತ್ಯವಾಗಿಬಿಡುತ್ತದೆ. ನ್ಯೂಸ್ ಎಂದರೆ ನಾಲ್ಕು ದಿಕ್ಕಿನ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಎಂದು ಇವತ್ತಿಗೂ ಮಕ್ಕಳಿಗೆ ಹೇಳಿಕೊಡುವವರಿದ್ದಾರೆ. ಅದು 'ಹೊಸದು' ಎಂಬರ್ಥದ ನ್ಯೂ ಪದದಿಂದ ಬಂದದ್ದು, ಅಷ್ಟೇ. ಹಡಗಿನವರ ಎಸ್‌ಒಎಸ್ ಕೂಡ ಯಾವ ಪದಗಳ ಸಂಕ್ಷೇಪವೂ ಅಲ್ಲ. ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿಯ ಮೋರ್ಸ್ ಸಂಕೇತ ಸುಲಭಕ್ಕೆ ತಿಳಿಯುತ್ತದೆಂದು 1906ರ ಬರ್ಲಿನ್ ಸಮ್ಮೇಳನ ಅದನ್ನು ಒಪ್ಪಿತು. 'ನಮ್ಮ ಪ್ರಾಣ ಉಳಿಸಿ' ಎಂಬ ಅರ್ಥವನ್ನು ಜನ ಆಮೇಲೆ ಹೊಂದಿಸಿದರು.

ಕೈ ಪಳಗಿಸಲು ಐಸಿಸಿ ಒಳ್ಳೆಯದು. ಕ್ರಿಕೆಟ್ಟಿನದ್ದಲ್ಲ, ತುಂಗಭದ್ರೆಯ ನೀರು ಎಂದು ಬಿಡಬೇಕು, ಎಂದು ನಿಲ್ಲಿಸಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ. ಮೂರೇ ಅಕ್ಷರ, ಅದರಲ್ಲೂ ಜೋಡಿ. 'ಇನ್ನೂ ಚಾ, ಚರ್ಚೆ' ಎಂದು ಬರೆದು ಒಮ್ಮೆ ಜೋರಾಗಿ ಓದಿ. ಆಮೇಲೆ ಕೊನೆಯ ಎರಡು ಪದ ಅದಲು ಬದಲು ಮಾಡಿ ಓದಿ: ಇನ್ನೂ ಚರ್ಚೆ, ಚಾ.